ಮಠಪತಿಯವರ ಖೋಲಿ, ಮಿಷನ್ನಿನ ಅಕ್ಷರ

ಗಡಿಯಾಚೆಯ ಮರಾಠಿ ಸೀಮೆಯ ನಿಲಂಗಾದಲ್ಲಿ ಮನೆ ಕೇಳಿದರೆ ಬಾಡಿಗೆಯ ಮಾತು ಆಮೇಲೆ. ಮೊದಲು ‘ಆಡನಾವ್ ಕಾಯ್?’ ಎನ್ನುತ್ತಾರೆ. ಆಡನಾವ್ ಎಂದರೆ ಅಡ್ಡಹೆಸರು. ಅದು ಗೊತ್ತಾದರೆ ಜಾತಿ, ಧರ್ಮ, ಅಡುಗೆ ಎಲ್ಲ ಗೊತ್ತಾದಂತೆ. ಗದಗಿನ ಮಿಷನ್ ಕಂಪೌಂಡಿನಲ್ಲಿ ಬೆಳೆದ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ಅಲ್ಲಿ ಎಲ್ಲರೂ ಕ್ರೈಸ್ತರೇ.

ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದವಳಿಗೆ ಎರಡು ಮನೆಗಳ ಬಾಗಿಲು ಮುಚ್ಚಿತು. ಮೂರನೆಯದು ಮಠಪತಿಯವರದು, ಊರವರ ಮನೆಗಳಲ್ಲಿ ಪೂಜೆ ಮಾಡಿಸುವ ಜಂಗಮರು. ‘ಶಾಂತಾ ಗದಗ’ ಎಂದೆ. ನಿಜ ಹೆಸರೇ. ಆದರೆ ಓಣಿಯವರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನ್ನುವ ಮನೆಯೊಡತಿ ಗುರುಬಾಯಿ ಕನ್ನಡದ ಊರಿನ ಹೆಸರು ಕೇಳಿ ನನ್ನನ್ನು ಲಿಂಗಾಯತಳೆಂದೇ ತಿಳಿದು ಖೋಲಿಯ ಕೀಲಿ ಕೈಗಿಟ್ಟರು. ನಾನು ತಿದ್ದಲಿಲ್ಲ.

ಮೊದಲ ಭಾನುವಾರ ಉದಗೀರದ ಚರ್ಚಿಗೆ ಹೋಗುವ ಬಸ್ಸು ತಪ್ಪಿತು. ಖೋಲಿಯಲ್ಲೇ ಅಜ್ಜಿಯ ಕನ್ನಡ ಕೀರ್ತನೆ ಪುಸ್ತಕ ತೆರೆದು ಸಣ್ಣ ದನಿಯಲ್ಲಿ ಹಾಡುತ್ತಿದ್ದೆ. ತಲೆಯೆತ್ತಿದರೆ ಬಾಗಿಲಲ್ಲಿ ಕಾಕು.

“ಕಾಕು, ನಾವು ಕ್ರಿಶ್ಚನ್ರು ರೀ,” ಎಂದೆ.

“ಮೊದ್ಲ ಯಾಕ ಹೇಳಲಿಲ್ಲ?”

“ಹೇಳಿದ್ರ ಖೋಲಿ ಕೊಡ್ತಿದ್ರೇನ್ರಿ?”

ಕಾಕು ಸುಳ್ಳಾಡಲಿಲ್ಲ. “ಕೊಡ್ತಿರಲಿಲ್ಲ,” ಎಂದು ಹೊರಟುಹೋದರು.

ನಾನು ಬ್ಯಾಗು ತೆಗೆದು ಸೀರೆ ಮಡಚತೊಡಗಿದೆ. ಅಷ್ಟರಲ್ಲಿ ಕಾಕು ಮತ್ತೆ ಬಂದರು, ಕೈಯಲ್ಲಿ ಬಟ್ಟೆಯ ಗಂಟು. ಒಳಗೆ ಅವರ ಮಾವ ಕೈಯಾರೆ ಬರೆದಿಟ್ಟ ವಚನಗಳ ಪುಸ್ತಕ.

“ಮಾವನವ್ರು ಹೋದ ಮ್ಯಾಲ ಇದನ್ನ ಓದವ್ರ ಇಲ್ಲ. ನಮ್ದೆಲ್ಲಾ ಮರಾಠಿ ಸಾಲಿ. ನಿನಗ ಕನ್ನಡ ಅಕ್ಷರ ಬರ್ತಾವ, ಓದಿ ಹೇಳು. ಮನ್ಯಾಗ ಮಾಂಸ ಮಾತ್ರ ಬ್ಯಾಡ ನೋಡವಾ.”

ಹೂಂ ಎಂದೆ. ಎಷ್ಟು ಹಗುರಾದೆನೆಂದರೆ, ಮಡಚಿದ ಸೀರೆಗಳ ಮೇಲೇ ಕುಳಿತುಬಿಟ್ಟೆ.

ಓದುತ್ತಾ ಅಜ್ಜಿ ನೆನಪಾದಳು. ಊರ ಬಾವಿಯ ನೀರೂ ಸಿಗದ ಅವಳಿಗೆ ಬ್ರಿಟಿಷರ ಆಳ್ವಿಕೆಯಲ್ಲಿ ಮಿಷನ್ನಿನವರು ನೀರು ಕೊಟ್ಟರು, ಅಕ್ಷರ ಕೊಟ್ಟರು, ಸುತ್ತ ಗೋಡೆಯನ್ನೂ ಕಟ್ಟಿದರು. ಒಳಗೆ ಅವಮಾನವಿರಲಿಲ್ಲ, ಬೇರೆ ಧರ್ಮದ ನೆರೆಯವರೂ ಇರಲಿಲ್ಲ. ಇಲ್ಲಿ ನಿಲಂಗಾದಲ್ಲಿ ನಿಜಾಮರ ಕಾಲದ ಕಚೇರಿಗೆ ಉರ್ದು, ಆಮೇಲೆ ಶಾಲೆಗೆ ಮರಾಠಿ. ಕನ್ನಡ ಅಡುಗೆಮನೆಯಲ್ಲಿ ಉಳಿಯಿತು. ಎಲ್ಲ ಧರ್ಮದವರೂ ಒಂದೇ ಓಣಿಯಲ್ಲಿದ್ದಾರೆ, ಆದರೆ ಆಡನಾವ್ ಕೇಳದೆ ಬಾಗಿಲು ತೆರೆಯುವುದಿಲ್ಲ. ಯಾವುದು ಮೇಲೆಂದು ನನಗಿನ್ನೂ ಹೇಳಲಾಗದು.

ಈಗ ಭಾನುವಾರ ಉದಗೀರದಲ್ಲಿ ಮರಾಠಿ ಪ್ರಾರ್ಥನೆಗೆ ತುಟಿ ಆಡಿಸುತ್ತೇನೆ. ಸೋಮವಾರ ಸಂಜೆ ಕಾಕುವಿಗೆ ವಚನ ಓದುತ್ತೇನೆ. ಕ್ರಿಸ್‌ಮಸ್ಸಿಗೆ ಗದಗಿಗೆ ಹೋಗಿದ್ದೆ. ಅವ್ವ ಬಡಿಸುತ್ತಿರುವಾಗಲೇ ಕಾಕುವಿನ ಫೋನು ಬಂತು.

“ಮನಿಗಿ ಯಾವಾಗ ಬರ್ತಿ?”

“ನಾಡಿದ್ದ ಮನಿಗೆ ಬರ್ತೀನ್ರಿ,” ಎಂದೆ.

ಅವ್ವ ಸೌಟು ಹಿಡಿದೇ ನಿಂತಳು. “ಹಂಗಾರ ಇದು ಯಾರ ಮನಿ?”