ಹಿಪ್ಪುನೇರಳೆ ತೋಟದ ಪಕ್ಕದಲ್ಲೊಂದು ಡೇರೆ

ನಾನು ಅನುಮಾನದ ಪ್ರಾಣಿ. ಬಸ್ಸಿನಲ್ಲಿ ಯಾರಾದರೂ ತಾವಾಗಿ ಜಾಗ ಬಿಟ್ಟುಕೊಟ್ಟರೆ ಮೊದಲು ಸೀಟು ಮುಟ್ಟಿ ನೋಡಿ ಆಮೇಲೆ ಕೂರುತ್ತೇನೆ. ತಾಲ್ಲೂಕು ಕಚೇರಿಯಲ್ಲಿ ಅರ್ಜಿಗಳ ಸಹಿ ತಾಳೆ ನೋಡಿ ನೋಡಿ ಬಂದ ಗುಣ ಎನ್ನುತ್ತಾಳೆ ಹೆಂಡತಿ. ಹುಟ್ಟಿನಿಂದಲೇ ಇತ್ತೆಂದು ನನ್ನ ಅನುಮಾನ.

ಇಂಥವನಿಗೆ ಹಕ್ಕಿ ನೋಡುವ ಹವ್ಯಾಸ ಹೇಳಿ ಮಾಡಿಸಿದ್ದು. ಅದೇನೋ ಧ್ಯಾನದಂಥ ಕೆಲಸವೆಂದು ಜನ ತಿಳಿದಿದ್ದಾರೆ. ಅಲ್ಲ, ಶುದ್ಧ ಪೊಲೀಸ್ ಕೆಲಸ. ಕೊಕ್ಕು ಎಷ್ಟುದ್ದ, ಕಾಲು ಯಾವ ಬಣ್ಣ, ಹುಬ್ಬಿನ ಮೇಲೆ ಗೆರೆ ಇದೆಯೋ ಇಲ್ಲವೋ ಎಂಬ ವಿಚಾರಣೆ ಮುಗಿಯದೆ ಯಾವ ಹಕ್ಕಿಯನ್ನೂ ಹೆಸರು ಹಿಡಿದು ಕರೆಯುವಂತಿಲ್ಲ. ಹಕ್ಕಿಯೂ ನಮ್ಮನ್ನು ನಂಬುವುದಿಲ್ಲ ಅನ್ನಿ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಮತ್ತು ಗೆಳೆಯ ಶ್ರೀಕಂಠ, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ಸ್ಕೂಟರಿಗೆ ಡೇರೆ ಬಿಗಿದು ಚಿಕ್ಕಬಳ್ಳಾಪುರದಿಂದ ಹೊರಟೆವು. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಕೆರೆಗಳನ್ನು ಮೂರು ದಿನ ಸುತ್ತುವುದು, ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುವ ಕಪ್ಪುಬಿಳಿ ಮಿಂಚುಳ್ಳಿಯ ಫೋಟೊ ತೆಗೆಯುವುದು ನಮ್ಮ ಹಂಚಿಕೆ. ಶಿಡ್ಲಘಟ್ಟ ದಾಟಿ ಸಿಕ್ಕ ಮೊದಲ ಕೆರೆಯಲ್ಲೇ ಅದು ಕಂಡಿತು. ದಡದ ಹಿಪ್ಪುನೇರಳೆ ತೋಟಕ್ಕೆ ಒತ್ತಿಕೊಂಡು ಡೇರೆ ಹಾಕಿದೆವು. ಇರುವೆ ಕಾಟವೆಂದು ಶ್ರೀಕಂಠ ಮನೆಯಿಂದ ತಂದ ಇರುವೆ ಪುಡಿಯನ್ನು ಸುತ್ತಲೂ ಧಾರಾಳವಾಗಿ ಎರಚಿದ. ಗಾಳಿ ತೋಟದ ಕಡೆ ಬೀಸುತ್ತಿತ್ತು.

ಸಂಜೆಯೊಳಗೆ ತೋಟದ ಒಡತಿ ನಾರಾಯಣಮ್ಮ ಮೂರು ಸಲ ಬಂದರು.

“ಎವರಯ್ಯಾ ಮೀರು? ಯಾರಪ್ಪ ನೀವು? ಇಲ್ಲೇನ್ ಮಾಡ್ತಿದೀರ?”

“ಹಕ್ಕಿ ನೋಡ್ತಿದೀವಮ್ಮ.”

“ಹಕ್ಕಿ ನೋಡಕ್ಕೆ ಡೇರೆ ಯಾಕಪ್ಪ?”

ಪ್ರಶ್ನೆ ನ್ಯಾಯವಾಗಿಯೇ ಇತ್ತು. ನನಗೆ ಮಾತ್ರ ಆಕೆಯ ಕಣ್ಣು ಕ್ಯಾಮೆರಾದ ಮೇಲಿದೆ ಅನಿಸಿತು. ಅದನ್ನು ಅವಲಕ್ಕಿ ಚೀಲದೊಳಗೆ ಹೂತಿಟ್ಟೆ.

ಬೆಳಿಗ್ಗೆ ಕುಡುಗೋಲು ಹಿಡಿದು ಸೊಪ್ಪು ಕೊಯ್ಯಲು ಬಂದ ನಾರಾಯಣಮ್ಮ ಡೇರೆಯ ಪಕ್ಕದ ಸಾಲಿನಲ್ಲಿ ನಿಂತುಬಿಟ್ಟರು. “ಇದೇನಪ್ಪ, ಎಲೆ ಮೇಲೆ ಬೆಳ್ಳಗೆ?”

ಏನೋ ತಂಟೆ ತೆಗೆಯುತ್ತಿದ್ದಾರೆಂದು ಅನುಮಾನವಾಗಿ, “ಮುಖಕ್ಕೆ ಹಾಕೋ ಪೌಡರಮ್ಮ, ಚೆಲ್ಲೋಯ್ತು” ಅಂದುಬಿಟ್ಟೆ.

“ನಮ್ ಹುಳ ನಾಲ್ಕನೇ ಜ್ವರ ಎದ್ದೈತೆ,” ಎಂದರು. ರೇಷ್ಮೆಹುಳು ಪೊರೆ ಬಿಡುವುದಕ್ಕೆ ಇಲ್ಲಿ ಜ್ವರವೆನ್ನುತ್ತಾರೆ. “ಇನ್ನೊಂದ್ ವಾರಕ್ಕೆ ಗೂಡು ಕಟ್ತವೆ. ಬೀಡಿ ಸೇದಿದ್ ಕೈಲಿ ಸೊಪ್ಪು ಮುಟ್ಟಿದ್ರೂ ತಡ್ಕೊಳ್ಳಲ್ಲ.” ಒಂದು ಎಲೆ ಕಿತ್ತು ನನ್ನ ಮೂಗಿನ ಮುಂದೆ ಹಿಡಿದರು. “ಪೌಡರೇ ಆದ್ರೆ ಹಚ್ಕೊಳ್ಳಪ್ಪ, ನೋಡಣ.”

ನಾನು ಎಲೆ ನೋಡಿದೆ. ಶ್ರೀಕಂಠ ಕೆರೆ ನೋಡಿದ.

“ಇರುವೆ ಪುಡಿ ಅಮ್ಮ” ಎಂದೆ. ಆಕೆ ನನ್ನ ಮೊದಲ ಮಾತು ನಂಬಿದ್ದರೆ ಮನೆ ತುಂಬ ಇದ್ದ ಹುಳುಗಳು ಸಾಯುತ್ತಿದ್ದವು.

ಬೈಯುತ್ತಾರೆಂದುಕೊಂಡೆ. ಅವರು ಕುಡುಗೋಲನ್ನು ಶ್ರೀಕಂಠನ ಕೈಗೆ ಕೊಟ್ಟರು. ಗಾಳಿ ಬೀಸಿದ ಕಡೆಯ ಐದು ಸಾಲನ್ನು ನಾವಿಬ್ಬರೂ ಕೊಯ್ದು, ಗುಂಡಿ ತೋಡಿ ಹೂಳುವವರೆಗೂ ಬದುವಿನ ಮೇಲೆ ಕೂತು ಕಾವಲು ಕಾದರು. ಅಷ್ಟು ಹೊತ್ತೂ ಮಿಂಚುಳ್ಳಿ ಹತ್ತು ಮಾರು ದೂರದಲ್ಲಿ ಗಾಳಿಯಲ್ಲಿ ನಿಲ್ಲುವುದು, ಧುಮುಕುವುದು, ಮೀನಿನೊಂದಿಗೆ ಮೇಲೇಳುವುದು ನಡೆದೇ ಇತ್ತು. ಅವಲಕ್ಕಿ ಚೀಲಕ್ಕೆ ಕೈಹಾಕುವ ಧೈರ್ಯ ನಮಗಾಗಲಿಲ್ಲ. ಚಿಂತಾಮಣಿಯ ಆಸೆ ಬಿಟ್ಟು ಊರಿಗೆ ಮರಳಿದೆವು.

ಉಳಿದ ಸಾಲುಗಳಲ್ಲಿ ಒಂದೆಲೆಗಾದರೂ ಪುಡಿ ತಗುಲಿದ್ದರೆ? ಕಚೇರಿಯಲ್ಲಿ ಕೂತರೂ ಅದೇ ಯೋಚನೆ. ಹತ್ತು ದಿನ ಕಳೆದು, ತಡೆಯಲಾರದೆ ಒಬ್ಬನೇ ಹೋದೆ. ನಾರಾಯಣಮ್ಮನವರ ಮನೆಯ ಮುಂದೆ, ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗಳಾದ ಚಂದ್ರಂಕಿಗಳನ್ನು ಎಳೆಬಿಸಿಲಿಗೆ ಒರಗಿಸಿದ್ದರು. ಅವುಗಳ ತುಂಬ ಹಳದಿ ಗೂಡು. ಕಂಡ ಕೂಡಲೇ ಜೀವ ಬಂದಂತಾಯಿತು.

“ಒಳಗೆ ಬರ್ಲಾ ಅಮ್ಮ?”

“ಒಳಗಿನ್ನೂ ಹಣ್ಣಾಗ್ದೇ ಸೊಪ್ಪು ತಿಂತಿರೋ ಹುಳ ಐತೆ. ಕೈ ತೋರ್ಸಪ್ಪ.”

ಎರಡೂ ಕೈ ಚಾಚಿದೆ. ಮೂಸಿ ನೋಡಿದರು. ಆಮೇಲೂ ಒಳಗೆ ಬಿಡಲಿಲ್ಲ. ಜಗುಲಿಯ ಮೇಲೆ ಕೂರಿಸಿ, ದೊಡ್ಡ ಲೋಟದ ತುಂಬ ಮಜ್ಜಿಗೆ ತಂದುಕೊಟ್ಟರು. ಯಾರ ಮೇಲೆ ಅನುಮಾನವಿದೆಯೋ ಅವರಿಗೂ ಮಜ್ಜಿಗೆ ಕೊಡಬಹುದೆಂದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.