ಜುಮ್ಮು ಮತ್ತು ಜೋಮು

ನನ್ನ ಹೊಸ ಲ್ಯಾಪ್‌ಟಾಪಿಗೆ ನನ್ನನ್ನು ಕಂಡರೆ ಆಗುವುದಿಲ್ಲ ಎಂದು ಮೂರು ದಿನ ನಂಬಿದ್ದೆ. ಸಕಲೇಶಪುರದಿಂದ ತಂದದ್ದು, ಮೈಯೆಲ್ಲ ಲೋಹ. ಚಾರ್ಜಿಗೆ ಹಾಕಿಕೊಂಡು ಬರೆಯಲು ಕೂತರೆ ಸಾಕು, ಮಣಿಕಟ್ಟಿನ ಕೆಳಗೆ ಇರುವೆ ಸಾಲು ಹರಿದಂತಾಗುತ್ತಿತ್ತು. ವೈರು ಕಿತ್ತರೆ ಮಾಯ. ಮತ್ತೆ ಸಿಕ್ಕಿಸಿದರೆ ಮತ್ತೆ ಹಾಜರು. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದವನು ನಾನು. ಅದು ಬೆರಳಿಗೆ ಅಂಟಿತ್ತೇ ಹೊರತು ಒಂದು ದಿನವೂ ಕಚ್ಚಿರಲಿಲ್ಲ.

ಈ ಅನುಭವಕ್ಕೆ ನಮ್ಮಲ್ಲಿರುವ ಮಾತು ‘ಜುಮ್’. ಒಳ್ಳೆಯ ಹಾಡು ಕೇಳಿದರೂ ಮೈ ಜುಮ್ಮೆನ್ನುತ್ತದೆ, ತಣ್ಣೀರು ಸುರಿದುಕೊಂಡರೂ ಜುಮ್ಮೆನ್ನುತ್ತದೆ, ಕರೆಂಟು ತಾಗಿದರೂ ಅಷ್ಟೆ. ಇದಕ್ಕೊಂದು ದಾಯಾದಿ ಪದವಿದೆ: ಜೋಮು. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತು ಏಳುವಾಗ ಕಾಲು ಹಿಡಿಯುತ್ತದಲ್ಲ, ಅದು. ಜೋಮು ನಮ್ಮ ಮೈಯದೇ ತಾಪತ್ರಯ, ಕರೆಂಟಿನ ಜುಮ್ಮು ಹೊರಗಿನಿಂದ ಬರುವಂಥದ್ದು. ಕನ್ನಡ ಮೇಷ್ಟ್ರಾದವನಿಗೆ ಈ ವ್ಯತ್ಯಾಸ ತಿಳಿದಿರಬೇಕು. ನನ್ನ ಕೈಗೆ ಬಂದಾಗ ತಿಳಿಯಿತು. ಇನ್ನೊಬ್ಬರ ಕೈಗೆ ಬಂದಾಗ ತಿಳಿಯಲಿಲ್ಲ. ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ.

ನಾಲ್ಕನೆಯ ದಿನ ಆಲೂರಿನಿಂದ ಎಲೆಕ್ಟ್ರಿಷಿಯನ್ ಶೇಖರನನ್ನು ಕರೆಸಿದೆ. ನನ್ನ ಹಳೆಯ ವಿದ್ಯಾರ್ಥಿ. ಲ್ಯಾಪ್‌ಟಾಪಿಗೆ ಟೆಸ್ಟರ್ ತಾಗಿಸಿದ, ಕೆಂಪಗೆ ಮಿಣುಕಿತು. ಗೋಡೆಯ ಸಾಕೆಟ್ಟು ಬಿಚ್ಚಿ ನೋಡಿದ. ಆಮೇಲೆ ತಲೆಯೆತ್ತಿ, “ಮೇಷ್ಟ್ರೇ, ನಿಮ್ಮನೇಲಿ ಅರ್ಥೇ ಇಲ್ಲ” ಅಂದ.

ಜೀವಮಾನವೆಲ್ಲ ಪದ್ಯಗಳ ಅರ್ಥ ಹೇಳಿ ಸಂಬಳ ತಿಂದವನಿಗೆ ಶಿಷ್ಯನೊಬ್ಬ ಆಡುವ ಮಾತೇ ಇದು! ಅವನು ಹೇಳಿದ್ದು ನೆಲಕ್ಕೆ ಇಳಿಯುವ ಅರ್ಥಿಂಗ್ ವಿಚಾರ.

“ಹಸ್ರು ವೈರು ಮನೆ ತುಂಬಾ ಐತೆ. ಆದ್ರೆ ಅದು ಭೂಮಿಗೆ ಸೇರಿಲ್ಲ. ಎಲ್ಲೋ ಸೋರಿದ್ ಕರೆಂಟು ನೆಲಕ್ಕಿಳಿಯಕ್ಕೆ ದಾರಿ ಇಲ್ದೆ ಈ ವೈರಲ್ಲೇ ಸುತ್ತಿ ನಿಮ್ ಲ್ಯಾಪ್‌ಟಾಪಿಗೆ ಬತ್ತೈತೆ. ನಿಮಗೆ ಬಂದಿರೋದು ಬರೀ ಕಚಗುಳಿ ಕಣ್ರೀ. ಸೋರ್ತಿರೋದು ಎಲ್ಲಿ ಅಂತ ಮೊದ್ಲು ನೋಡ್ಬೇಕು.”

ಫ್ರಿಜ್ ನೋಡಿದ, ಮಿಕ್ಸಿ ನೋಡಿದ. ಕೊನೆಗೆ ಹಿತ್ತಲ ಬಾಗಿಲ ಒಳಗಿರುವ ಬಟ್ಟೆ ಒಗೆಯುವ ಜಾಗಕ್ಕೆ ಬಂದ. ಅಲ್ಲಿ ವಾಷಿಂಗ್ ಮಿಷನ್ನಿಗೆ ಟೆಸ್ಟರ್ ತಾಗಿಸಿದಾಗ ದೀಪ ಜೋರಾಗಿ ಉರಿಯಿತು. ಶೇಖರ ಮೊದಲು ಪ್ಲಗ್ ಕಿತ್ತ.

“ಇದನ್ನ ಯಾರು ಮುಟ್ಟೋದು?”

“ಗಂಗಮ್ಮ.”

“ಬರಿಗಾಲಲ್ಲಾ?”

ಕೆಳಗೆ ನೋಡಿದೆ. ಒದ್ದೆ ಕಲ್ಲುಚಪ್ಪಡಿ. ಹನ್ನೊಂದು ವರ್ಷದಿಂದ ನಮ್ಮ ಮನೆಗೆಲಸಕ್ಕೆ ಬರುವ ಗಂಗಮ್ಮ ಚಪ್ಪಲಿಯನ್ನು ಹಿತ್ತಲ ಬಾಗಿಲ ಹೊರಗೇ ಬಿಡುತ್ತಾಳೆ. ಇನ್ನೊಬ್ಬರ ಮನೆಯೊಳಗೆ ಮೆಟ್ಟಿಕೊಂಡು ಬರುವುದುಂಟೇ ಎನ್ನುವುದು ಆಕೆಯ ನಡತೆ. ನನ್ನ ಹೆಂಡತಿಗೆ ಹಿಮ್ಮಡಿ ನೋವು, ಮನೆಯೊಳಗೂ ರಬ್ಬರ್ ಚಪ್ಪಲಿ ಹಾಕುತ್ತಾಳೆ. ಆಗೀಗ ಮಿಷನ್ ಮುಟ್ಟಿದರೂ ಅವಳಿಗೆ ಒಂದು ದಿನವೂ ಏನೂ ಆಗಿರಲಿಲ್ಲ.

“ಇಷ್ಟ್ ದಿನ ಏನೂ ಆಗಿಲ್ವಲ್ಲ, ಆಯಮ್ಮನ ಪುಣ್ಯ” ಅಂದ ಶೇಖರ.

ಆಗಿತ್ತು. ಗಂಗಮ್ಮ ನನಗೆ ಹೇಳಿದ್ದಳು. ಹೋದ ವರ್ಷ ಮಳೆಗಾಲದಲ್ಲಿ ಸೀರೆಗೆ ಕೈ ಒರೆಸಿಕೊಳ್ಳುತ್ತ ಬಂದು, “ಮೇಷ್ಟ್ರೇ, ಬಟ್ಟೆ ಹಾಕ್ವಾಗ ಕೈ ಜುಮ್ ಅಂತೈತೆ” ಅಂದಿದ್ದಳು. ನಾನು ಪೇಪರಿನಿಂದ ಕಣ್ಣೆತ್ತದೆ ಅದನ್ನು ಜೋಮು ಎಂದು ಕೇಳಿಸಿಕೊಂಡೆ. “ವಯಸ್ಸಾಯ್ತಲ್ಲ ಗಂಗಮ್ಮ, ನರದ ನಿಶ್ಶಕ್ತಿ” ಎಂದೆ. ಮೆಡಿಕಲ್ ಶಾಪಿನಿಂದ ವಿಟಮಿನ್ ಮಾತ್ರೆ ತಂದುಕೊಟ್ಟೆ. ನನ್ನ ದೊಡ್ಡ ಮನಸ್ಸಿನ ಬಗ್ಗೆ ನನಗೇ ಸಂತೋಷವಾಯಿತು ಎನ್ನುವುದನ್ನೂ ಮುಚ್ಚಿಡಲಾರೆ. ತಿಂಗಳಾದ ಮೇಲೆ ಮತ್ತೆ ಹೇಳಿದಳು, ಮತ್ತೆ ಮಾತ್ರೆ ತಂದೆ. ನೋಡಿ ನನ್ನ ನ್ಯಾಯ: ನನ್ನ ಕೈ ಜುಮ್ಮೆಂದರೆ ಯಂತ್ರದ ದೋಷ, ಗಂಗಮ್ಮನ ಕೈ ಜುಮ್ಮೆಂದರೆ ಗಂಗಮ್ಮನ ದೋಷ.

ಅಷ್ಟರಲ್ಲಿ ಶೇಖರ ಅಂಗಳವೆಲ್ಲ ಹುಡುಕುತ್ತಿದ್ದ. “ಇಲ್ಲೊಂದು ಕಬ್ಬಿಣದ್ ಪೈಪ್ ಇತ್ತಲ್ಲ ಮೇಷ್ಟ್ರೇ? ಅರ್ಥಿಂದು?”

ಇತ್ತು. ಬೇಸಿಗೆಯಲ್ಲಿ ಅಪ್ಪ ಅದರ ಬುಡಕ್ಕೆ ಎರಡು ಕೊಡ ನೀರು ಹೊಯ್ಯುತ್ತಿದ್ದರು. ಅಲ್ಲಿ ಯಾವುದೋ ಗಿಡ ನೆಟ್ಟಿದ್ದಿರಬೇಕು, ಗಿಡ ಸತ್ತರೂ ಅಪ್ಪ ನೀರು ಹೊಯ್ಯುವ ಅಭ್ಯಾಸ ಬಿಟ್ಟಿಲ್ಲ ಎಂದುಕೊಂಡಿದ್ದೆ. ನಮ್ಮದು ಮಗ್ಗೆಯ ಹತ್ತಿರ ನಾಲ್ಕು ಎಕರೆ ಕಾಫಿ. ಎರಡು ವರ್ಷದ ಹಿಂದೆ ಕಾಫಿ ಒಣಗಿಸುವ ಕಣಕ್ಕೆ ಸಿಮೆಂಟು ಹಾಕಿಸಿದಾಗ ಆ ಪೈಪು ನಡುವೆ ನಿಂತು ಮಟ್ಟ ಮಾಡುವ ಹಲಗೆ ಎಳೆಯಲು ಅಡ್ಡವಾಗುತ್ತಿತ್ತು. “ಯಾವುದೋ ಹಳೇ ನೀರಿನ ಪೈಪು, ಕತ್ತರಿಸಿ ಬಿಡಪ್ಪ” ಎಂದು ಗಾರೆಯವನಿಗೆ ಹೇಳಿದವನು ನಾನೇ. ಪೈಪಿಗೆ ಕಟ್ಟಿದ್ದ ವೈರನ್ನೂ ಅವನು ಸುತ್ತಿ ಬಿಸಾಡಿದ. ಕಣ ಕನ್ನಡಿಯಂತಾಯಿತು ಎಂದು ಬಂದವರಿಗೆಲ್ಲ ತೋರಿಸಿದೆ.

ಶೇಖರನಿಗೆ ಇದನ್ನು ಹೇಳಿದೆ. “ಅಯ್ಯೋ ಮಾರಾಯ್ರೇ” ಎಂದು ಹಣೆ ಚಚ್ಚಿಕೊಂಡ. ಎರಡು ದಿನದ ಕೆಲಸ. ಮಿಷನ್ನಿನೊಳಗೆ ಹೊದಿಕೆ ಸವೆದು ಸೋರುತ್ತಿದ್ದ ವೈರು ಬದಲಾಯಿಸಿದ, ಕಣದ ಆಚೆ ಗುಂಡಿ ತೋಡಿಸಿ ಹೊಸ ಪೈಪಿಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿ ನೀರು ಹೊಯ್ಸಿದ. ಮತ್ತೆ ಎಲ್ಲ ಕಡೆ ಪರೀಕ್ಷೆ ಮಾಡಿ, ಇನ್ನು ಭಯವಿಲ್ಲ ಅಂದ.

ಗಂಗಮ್ಮನಿಗೆ ನಾನೇ ಹೇಳಬೇಕಿತ್ತು. ಬಟ್ಟೆ ಒಗೆಯುವ ಜಾಗಕ್ಕೆ ಹೋದೆ. “ಗಂಗಮ್ಮ, ಅದು ನಿನ್ನ ನರದ್ದಲ್ಲ. ಪೈಪು ಕತ್ತರಿಸಿದ್ದು ನಾನು. ನೀನು ಹೇಳಿದಾಗ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ತಪ್ಪಾಯ್ತಮ್ಮ.”

“ನರದ್ದಲ್ಲ ಅಂತ ನಂಗೂ ಅನ್ಸಿತ್ತು ಮೇಷ್ಟ್ರೇ. ನಮ್ಮನೇಲಿ ಬಟ್ಟೆ ಒಗೀವಾಗ ಏನೂ ಆಗ್ತಿರ್ಲಿಲ್ಲ.”

“ಹಾಗಂತ ಹೇಳಬಾರದಿತ್ತೇ?”

“ಹೇಳ್ದಾಗೆಲ್ಲ ಮಾತ್ರೆ ತರ್ತಿದ್ರಲ್ಲ. ಓದಿದೋರು, ಇನ್ನೇನ್ ಹೇಳದು?”

“ಈಗ ಸರಿಯಾಗಿದೆ, ಬಟ್ಟೆ ಹಾಕು” ಎಂದೆ. ಆಕೆ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನಿಂತಲ್ಲೇ ನಿಂತಳು. “ಮೊದ್ಲು ನೀವ್ ಮುಟ್ಟಿ.”

ನ್ಯಾಯವಾದ ಮಾತು. ಚಪ್ಪಲಿ ಬಿಟ್ಟು ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತೆ. ಶೇಖರ ಪರೀಕ್ಷೆ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೆ, ಭಯಕ್ಕೆ ಕಾರಣವಿಲ್ಲವೆಂದು ಬುದ್ಧಿಗೆ ಗೊತ್ತಿತ್ತು. ಆದರೂ ಚಾಚಿದ ಕೈ ಮಿಷನ್ನಿನಿಂದ ಒಂದು ಗೇಣು ದೂರದಲ್ಲಿ ನಿಂತುಬಿಟ್ಟಿತು.

ಗಂಗಮ್ಮ ನೋಡುತ್ತಲೇ ಇದ್ದಳು. ಆಮೇಲೆ ಮೆಲ್ಲಗೆ ನಕ್ಕಳು.

“ಒಂದ್ ಸಲ ಮುಟ್ಟಕ್ಕೇ ಇಷ್ಟೊತ್ತಾ ಮೇಷ್ಟ್ರೇ?”