ಹಾಲಿನಲ್ಲಿ ಕಂಡ ನೀಲಿ ಎಳೆ

ಸೂಕ್ಷ್ಮದರ್ಶಕಕ್ಕೆ ಕಣ್ಣು ಒತ್ತಿ ಒತ್ತಿ ಮೇಡಂ ಕಣ್ಣುಗಳ ಸುತ್ತ ಎರಡು ಕೆಂಪು ಬಳೆ ಮೂಡಿರುತ್ತಿದ್ದವು. ಸಂಜೆ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುವಾಗಲೂ ಅವು ಮಾಸಿರುತ್ತಿರಲಿಲ್ಲ. ರಸಾಯನಶಾಸ್ತ್ರದಲ್ಲಿ ಅವರು ನನ್ನ ಪಿಎಚ್.ಡಿ. ಮಾರ್ಗದರ್ಶಕರು. ಪ್ಲಾಸ್ಟಿಕ್ ಒಡೆದು ಒಡೆದು ಕಣ್ಣಿಗೆ ಕಾಣದಷ್ಟು ಚೂರಾದ ಮೇಲೆ ಎಲ್ಲಿ ಹೋಗಿ ಸೇರುತ್ತದೆ ಎನ್ನುವುದು ನಮ್ಮ ವಿಷಯ. ಅವರಿಗೆ ಅದು ಕೆಲಸ. ಹುಟ್ಟು ಪುಕ್ಕಲಿಯಾದ ನನಗೆ ದಿನಕ್ಕೊಂದು ದೆವ್ವ.

ಭಾನುವಾರ ಚರ್ಚಿನಿಂದ ನೇರ ಲ್ಯಾಬಿಗೇ ಬರುವವರು ಅವರು. ಒಂದು ದಿನ ಜಡೆಯ ಮಲ್ಲಿಗೆ ದಂಡೆ ಬಿಚ್ಚಿ ಮೇಜಿನ ಮೇಲಿಟ್ಟು ಪಾಠ ಮಾಡಿದ್ದರು. "ನೋಡ್ರಮ್ಮ, ಒಂದೇ ಥರದ ಹೂವು, ಒಂದರ ಪಕ್ಕ ಒಂದು ಕಟ್ಕೊಂಡು ಹೋಗಿದ್ದಾರೆ. ಪ್ಲಾಸ್ಟಿಕ್‌ನೊಳಗೂ ಅಣುಗಳು ಇಂಗೇ ಕೂತಿರ್ತವೆ. ಈ ದಂಡೆನ ನಾಕು ದಿನದಲ್ಲಿ ಮಣ್ಣು ತಿಂದ್ಬುಡುತ್ತೆ. ಪ್ಲಾಸ್ಟಿಕ್ ದಂಡೆ ಬಿಚ್ಚೋದು ಮಣ್ಣಿಗೆ ಗೊತ್ತಿಲ್ಲ. ಬಿಸಿಲಿಗೆ ತುಂಡಾಗುತ್ತೆ, ಅಷ್ಟೇ."

ಲ್ಯಾಬಿನೊಳಗೆ ಹತ್ತಿ ಬಟ್ಟೆ ಬಿಟ್ಟು ಬೇರೆ ತೊಡುವಂತಿರಲಿಲ್ಲ. ಪಾಲಿಯೆಸ್ಟರ್ ಎಳೆ ಉದುರಿ ತಟ್ಟೆಗೆ ಬಿದ್ದರೆ ಲೆಕ್ಕವೆಲ್ಲ ಕೆಟ್ಟಿತು. ಮೇಡಂ ಬಾಗಿಲಲ್ಲೇ ನಿಂತು ನಮ್ಮ ದುಪಟ್ಟಾದ ಅಂಚನ್ನು ಬೆರಳಲ್ಲಿ ಉಜ್ಜಿ ನೋಡುವರು. ಅನುಮಾನ ಬಂದರೆ "ನಡಿ ಮನೆಗೆ" ಎನ್ನುವರು. ಜೊತೆಗೆ, ಪ್ರತಿ ಮಾದರಿಯ ಪಕ್ಕ ಬರೀ ಶುದ್ಧ ನೀರಿನ ತಟ್ಟೆಯೊಂದನ್ನು ತೆರೆದಿಡುತ್ತಿದ್ದೆವು. ಗಾಳಿಯಿಂದ ಏನಾದರೂ ಬಿದ್ದಿದ್ದರೆ ಅದರಲ್ಲೂ ಕಾಣುತ್ತದೆ.

ನನ್ನ ಮಗಳಿಗೆ ಐದು ತಿಂಗಳಾಗಿದ್ದಾಗ ನನಗೊಂದು ಹುಚ್ಚು ಹಿಡಿಯಿತು. ಮಗು ಹಾಲು ಕುಡಿಯುವಾಗಲೆಲ್ಲ ನನಗೆ ಲ್ಯಾಬಿನ ಕೆರೆನೀರಿನ ಮಾದರಿಗಳಲ್ಲಿ ಕಂಡ ಚೂರುಗಳೇ ನೆನಪಾಗುತ್ತಿದ್ದವು. ಕೊನೆಗೆ ನನ್ನ ಎದೆಹಾಲನ್ನೇ ಗಾಜಿನ ಸೀಸೆಯಲ್ಲಿ ತಂದು ಮೇಡಂ ಮುಂದೆ ಇಟ್ಟೆ. "ಗೊತ್ತಾದ್ಮೇಲೆ ಮರೆಯೋಕಾಗಲ್ಲ ಕಣಮ್ಮ" ಎಂದರು. ನಾನು ಕೇಳಲಿಲ್ಲ.

ಹಾಲನ್ನು ಕ್ಷಾರದಲ್ಲಿ ಕರಗಿಸಿ, ಸೋಸಿ, ಮರುದಿನ ನೋಡಿದೆವು. ನೀಲಿ ಎಳೆಗಳು! ಮೇಡಂ ಕಾದ ಸೂಜಿ ತಾಗಿಸಿದರು. ಹತ್ತಿಯಾಗಿದ್ದರೆ ಕಪ್ಪಾಗಬೇಕಿತ್ತು. ಎಳೆ ಮುರುಟಿಕೊಂಡು ಕರಗಿತು. ನೀರಿನ ತಟ್ಟೆ ನೋಡುವವರೆಗೂ ನಿಲ್ಲದೆ ದಟ್ಟಗಳ್ಳಿಯ ಮನೆಗೆ ಓಡಿದೆ.

ಮಗು ಹಸಿದು ಕಿರುಚುತ್ತಿತ್ತು. ಎದೆ ಕಟ್ಟಿ ಕಲ್ಲಾಗಿತ್ತು. ಎತ್ತಿಕೊಳ್ಳಲೂ ಭಯ. ಪ್ಯಾಕೆಟ್ ಹಾಲು ಬರುವುದು ಪ್ಲಾಸ್ಟಿಕ್‌ನಲ್ಲಿ, ಬಾಟಲಿ ಪ್ಲಾಸ್ಟಿಕ್, ಪುಡಿ ಡಬ್ಬದೊಳಗಿನ ಚಮಚವೂ ಪ್ಲಾಸ್ಟಿಕ್. ಎಲ್ಲಿಗೆ ಓಡಲಿ? ಹಳ್ಳಿಯಿಂದ ಬಾಣಂತನಕ್ಕೆ ಬಂದಿದ್ದ ಅಮ್ಮ, "ಏನ್ ಬಂತೇ ನಿಂಗೆ? ಮಗ ಅಂಗೆ ಅರಚ್ತಾ ಅದೆ, ಸುಮ್ನೆ ಕುಂತ್ಬುಟ್ಟಿದ್ದೀಯಲ್ಲ!" ಎಂದು ಬೈದು, ಬೆಳ್ಳಿ ಒಳಲೆಯಲ್ಲಿ ಹಸುವಿನ ಹಾಲನ್ನು ಮಗುವಿನ ಬಾಯಿಗೆ ಹಿಡಿದರು. ಮಗು ಉಗುಳಿತು.

ಅಷ್ಟರಲ್ಲಿ ಮೇಡಂ ಫೋನು. "ನೀರಿನ ತಟ್ಟೇಲೂ ಅದೇ ನೀಲಿ ಎಳೆ ಇದೆ. ಬಾ ಬೇಗ."

ಹೋದಾಗ ಅವರು ಲ್ಯಾಬಿನ ನೆಲದ ಮೇಲೆ ಕೂತು ಬ್ಲೇಡಿನಿಂದ ತಮ್ಮ ನೀಲಿ ಕೈಮಗ್ಗದ ಸೀರೆಯ ಫಾಲ್ ಕೀಳುತ್ತಿದ್ದರು. "ಸೀರೆ ಹತ್ತಿ, ಲಷ್ಕರ್ ಮೊಹಲ್ಲಾದಲ್ಲಿ ಹೊಲಿಸಿದ ಫಾಲ್ ಪಾಲಿಯೆಸ್ಟರ್! ಊರಿನವರ ದುಪಟ್ಟಾ ಎಲ್ಲಾ ಉಜ್ಜಿ ನೋಡ್ದೆ, ನನ್ನ ಕಾಲಡಿ ನೋಡ್ಕೊಳ್ಲಿಲ್ಲ." ನನಗೆ ಅಳುವಿನ ನಡುವೆಯೇ ನಗು ಬಂತು. ಕ್ಷಾರದಲ್ಲಿ ಕರಗಿಸಿ ಮುಚ್ಚಿಟ್ಟಿದ್ದ ಹಾಲಿನಲ್ಲಿ ಉಳಿದಿದ್ದನ್ನು ಆಗಲೇ ಹೊಸದಾಗಿ ಸೋಸಿದೆವು.

ಈ ಸಲ ನೀಲಿ ಎಳೆ ಇರಲಿಲ್ಲ. ಆದರೆ ಗಾಜಿನಂತೆ ಹೊಳೆಯುವ ಒಂದೆರಡು ಚೂರುಗಳಿದ್ದವು. ನೀರಿನ ತಟ್ಟೆಯಲ್ಲಿ ಅವು ಇರಲಿಲ್ಲ. ಸೂಜಿ ತಾಗಿದಾಗ ಅವೂ ಕರಗಿದವು.

"ಮೇಡಂ, ಕುಡಿಸ್ಲಾ, ಬೇಡ್ವಾ?"

ಅವರು ನನ್ನ ಕೈ ಹಿಡಿದುಕೊಂಡರು. "ಸುಳ್ಳು ಹೇಳಲ್ಲ. ಈ ಚೂರು ಮಗೂಗೆ ಏನು ಮಾಡುತ್ತೆ ಅಂತ ನಂಗೆ ಗೊತ್ತಿಲ್ಲ. ಹಾಲು ಏನು ಮಾಡುತ್ತೆ ಅಂತ ಚೆನ್ನಾಗಿ ಗೊತ್ತು. ಹೆದ್ರಿಕೊಂಡೇ ಕುಡ್ಸು ಕಣಮ್ಮ. ನಂಗೂ ಹೆದ್ರಿಕೆನೇ."

ಮನೆಗೆ ಬಂದು ಮಗುವನ್ನು ಎದೆಗೆ ಹಾಕಿಕೊಂಡೆ. ಅಮ್ಮ ಬಾಗಿಲು ಮುಂದೆ ಮಾಡಿದರು.

ಭಯ ಹೋಗಲಿಲ್ಲ. ಮಗಳಿಗೆ ಒಂದಿಷ್ಟು ಮೈ ಬೆಚ್ಚಗಾದರೂ ಆ ಚೂರುಗಳು ಕಣ್ಣ ಮುಂದೆ ಬರುತ್ತಿದ್ದವು. ಆಗೆಲ್ಲ ಮೇಡಂಗೆ ಫೋನು ಮಾಡುತ್ತಿದ್ದೆ. ಸಮಾಧಾನದ ಮಾತು ಅವರಿಗೆ ಬರುತ್ತಿರಲಿಲ್ಲ. "ಥರ್ಮಾಮೀಟರ್ ಎಷ್ಟು ತೋರಿಸ್ತು?" ಎಂದು ಕೇಳುತ್ತಿದ್ದರು.

ಹೋದ ವರ್ಷ ಮೇಡಂ ತೀರಿಕೊಂಡರು. ಮಗಳನ್ನು ಕರೆದುಕೊಂಡು ಮಣ್ಣಿಗೆ ಹೋಗಿದ್ದೆ. ಎಲ್ಲರ ಹಾಗೆ ಅವಳೂ ಪುಟ್ಟ ಮುಷ್ಟಿಯಲ್ಲಿ ಮಣ್ಣು ಹಾಕಿ, ಕೈ ಒರೆಸಿಕೊಳ್ಳುತ್ತಾ ಕೇಳಿದಳು: "ಇವರು ನಮಗೆ ಏನಾಗ್ಬೇಕಮ್ಮ?"

"ನಿಂಗೆ ಹಾಲು ಕೊಟ್ಟೋರು ಕಣಮ್ಮ" ಎಂದೆ.